ನಿಯಮದ ಭಾಷೆಗಳಲ್ಲಿ ಕವಲು ಕಣ್ಣಿಗೆ ಕಾಣಲಿ

ಮಾನ್ಯ ಸಂಪಾದಕರೇ,

ನಿಯಮಗಳ ಮೇಲೆ ನಡೆಯುವ ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಭರವಸೆ ಕೇಳುತ್ತೇವೆ. ನಿಯಮ ಬರೆದರೆ ಸಾಕು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಯಂತ್ರವೇ ನೋಡಿಕೊಳ್ಳುತ್ತದೆ ಅಂತ. ಇದು ಅರ್ಧ ಮಾತ್ರ ನಿಜ. "ಹೀಗಿದ್ದರೆ ಇದು, ಇಲ್ಲದಿದ್ದರೆ ಅದು" ಅಂತ ಕವಲೊಡೆದು ಹೇಳುವ ಅಗತ್ಯ ಎಲ್ಲ ಕಡೆ ಬರುತ್ತದೆ. ಅದಕ್ಕೆ ಭಾಷೆಯಲ್ಲಿ ಸರಿಯಾದ ಜಾಗ ಇಲ್ಲದಿದ್ದರೆ ಜನ ಕಳ್ಳದಾರಿ ಹುಡುಕುತ್ತಾರೆ, ಅಲ್ವಾ?

1972ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಪ್ರೊಲಾಗ್ ಭಾಷೆ ನೋಡಿ. ಅಲ್ಲಿ ಕವಲಿಗೆ ಒಂದು ಬಾಣ ("ಹಾಗಿದ್ದರೆ"), ಒಂದು ಸೆಮಿಕೋಲನ್ ("ಇಲ್ಲದಿದ್ದರೆ"). ಸೆಮಿಕೋಲನ್ ನಂತರದ ಭಾಗ ಬಿಟ್ಟರೆ, ಷರತ್ತು ಸುಳ್ಳಾದಾಗ ಇಡೀ ಗುರಿಯೇ, ಅಂದರೆ ಯಂತ್ರ ಸಾಧಿಸಲು ಹೊರಟ ಮಾತೇ, ಸೋಲುತ್ತದೆ. ಬೇರೆ ಭಾಷೆಗಳಿಂದ ಬಂದವರು ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ ಅಂದುಕೊಂಡಿರುತ್ತಾರೆ. ಎರರ್ ಸಂದೇಶವೂ ಬರುವುದಿಲ್ಲ. ಇನ್ನು ಕಟ್, ಅಂದರೆ "ಇಲ್ಲಿಗೆ ಬಂದ ಮೇಲೆ ಮುಂದಿನ ನಿಯಮಗಳನ್ನು ನೋಡಬೇಡ" ಅಂತ ಹೇಳುವ ಆಶ್ಚರ್ಯಸೂಚಕ ಚಿಹ್ನೆ, ಇನ್ನೂ ಅಪಾಯ: ಮೊದಲ ನಿಯಮದಲ್ಲಿ ಷರತ್ತು ಬರೆದು ಕಟ್ ಹಾಕಿ, ಎರಡನೆಯದನ್ನು ಷರತ್ತೇ ಇಲ್ಲದೆ ಬಿಡುತ್ತಾರೆ, ಮುಂದೆ ಯಾರೋ ಆ ಎರಡು ನಿಯಮಗಳ ಜಾಗ ಅದಲುಬದಲು ಮಾಡಿದರೆ ಅರ್ಥವೇ ಬದಲಾಗುತ್ತದೆ. ಎರಡನೆಯ ನಿಯಮವನ್ನು ಒಂಟಿಯಾಗಿ ಓದಿದರೆ ಅದು ಸುಳ್ಳು ಹೇಳುತ್ತಿರುತ್ತದೆ.

ನಾಸಾದಲ್ಲಿ ಬೆಳೆದ ಕ್ಲಿಪ್ಸ್ ಎಂಬ ನಿಯಮದ ಭಾಷೆಯಲ್ಲಿ ತೊಂದರೆ ಬೇರೆ ರೂಪದಲ್ಲಿದೆ. ಪ್ರತಿ ನಿಯಮಕ್ಕೂ ಸೇಲಿಯನ್ಸ್ ಎಂಬ ಆದ್ಯತೆಯ ಅಂಕಿ ಕೊಡಬಹುದು, -10000ದಿಂದ 10000ದವರೆಗೆ. "ಬೇರೆ ಯಾವುದೂ ಹೊಂದದಿದ್ದರೆ ಇದು" ಅನ್ನುವುದನ್ನು ಕಡಿಮೆ ಅಂಕಿ ಕೊಟ್ಟು ಹೇಳುವ ಅಭ್ಯಾಸ ಜಾಸ್ತಿ. 100, 90 ಅಂತ ಶುರುವಾಗಿ ನಡುವೆ 95 ತೂರುತ್ತದೆ, ಆಮೇಲೆ 97. ಯಾವ ನಿಯಮ ಯಾವುದಕ್ಕೆ ಹೆದರಿ ಆ ಅಂಕಿ ಪಡೆಯಿತು ಅಂತ ಕೋಡ್ ನೋಡಿ ಹೇಳಲು ಆಗುವುದೇ ಇಲ್ಲ. ಆದ್ಯತೆ ಬೇಕೇ ಬೇಕಿದ್ದರೆ "ಈ ನಿಯಮ ಆ ನಿಯಮಕ್ಕಿಂತ ಮೊದಲು" ಅಂತ ಹೆಸರು ಹಿಡಿದು ಬರೆಯುವ ಹಾಗಿರಲಿ.

ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮರ್ಕ್ಯುರಿ ಭಾಷೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಪ್ರೊಲಾಗ್‌ನ ದಾರಿಯದೇ, ಆದರೆ ಕಟ್ ಇಲ್ಲ, "ಇಲ್ಲದಿದ್ದರೆ" ಭಾಗವನ್ನು ಬಿಡುವಂತಿಲ್ಲ. ಬರೆಯುವಾಗ ಒಂದೆರಡು ಸಾಲು ಜಾಸ್ತಿ ಆಗಬಹುದು, ಆಗಲಿ. ಹೊಸ ಭಾಷೆ ಕಟ್ಟುವವರಲ್ಲಿ ನನ್ನ ಕೋರಿಕೆಯೂ ಇಷ್ಟೇ: ಷರತ್ತು ಸುಳ್ಳಾದಾಗ ಏನಾಗಬೇಕು ಅನ್ನುವುದನ್ನು ಬರೆಯದೆ ಬಿಟ್ಟರೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅಲ್ಲೇ ತಡೆದು ಕೇಳಲಿ.

ಇಂತಿ,
ಒಬ್ಬ ಓದುಗ