ಪಾಲಿಹೌಸ್ ಹೊದಿಕೆ ಹಳೆಯದಾದ ಮೇಲೆ ಎಲ್ಲಿಗೆ ಹೋಗಬೇಕು?

ಮಾನ್ಯರೇ,

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಎತ್ತ ನೋಡಿದರೂ ಪಾಲಿಹೌಸ್, ಅಂದರೆ ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗೆ ಬೆಳೆ ತೆಗೆಯುವ ಮನೆ. ಕ್ಯಾಪ್ಸಿಕಂ, ಗುಲಾಬಿ ಬೆಳೆಯುವ ನಮಗೆ ಅದರಿಂದ ಅನುಕೂಲವಾಗಿದೆ, ಸಹಾಯಧನವೂ ಸಿಗುತ್ತದೆ. ಆದರೆ ಮೇಲಿನ ಪ್ಲಾಸ್ಟಿಕ್ ಮೂರ್ನಾಲ್ಕು ವರ್ಷ ಬಿಸಿಲು ತಿಂದು ಹಪ್ಪಳದಂತಾದಾಗ ಅದನ್ನು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. 200 ಮೈಕ್ರಾನ್ ಹಾಳೆ ಚದರ ಮೀಟರಿಗೆ ಸುಮಾರು 185 ಗ್ರಾಂ ತೂಗುತ್ತದೆ. ಒಂದು ಎಕರೆಗೆ ನೆಲದ ಅಳತೆಯಲ್ಲೇ ಲೆಕ್ಕ ಹಾಕಿದರೂ 700 ಕೆ.ಜಿ. ದಾಟಿತು, ಕಮಾನು ಮತ್ತು ಪಕ್ಕದ ಗೋಡೆ ಸೇರಿಸಿದರೆ ಇನ್ನೂ ಜಾಸ್ತಿ. ಮಣ್ಣು, ಪಾಚಿ ಹಿಡಿದ ಹಾಳೆಯನ್ನು ನಮ್ಮ ಕಡೆಯ ಗುಜರಿಯವರು ಮುಟ್ಟುವುದಿಲ್ಲ. ಕೊನೆಗೆ ಬದುವಿನ ಮೇಲೆ ಹಾಕಿ ಬೆಂಕಿ ಇಡುತ್ತಾರೆ.

ಈ ಹಾಳೆ ಪಾಲಿಥೀನಿನದು. ಪಾಲಿಥೀನ್ ತಾನಾಗಿ ಬಿಸಿಲಿನ ನೇರಳಾತೀತ ಕಿರಣ ತಡೆಯುವುದಿಲ್ಲ, ಆ ಕಿರಣಕ್ಕೆ ಅದೇ ಸವೆಯುತ್ತದೆ. ಅದಕ್ಕೇ ಹಾಳೆ ತಯಾರಿಸುವಾಗ ಕಿರಣ ಹೀರುವ ಮತ್ತು ಸವೆತ ತಡೆಯುವ ರಾಸಾಯನಿಕ ಬೆರೆಸುತ್ತಾರೆ. ಬೂದಿ ರೋಗಕ್ಕೆ ನಾವು ಗಂಧಕ ಹೊಡೆಯುತ್ತೇವಲ್ಲ, ಅದು ಆ ರಾಸಾಯನಿಕದ ಶಕ್ತಿಯನ್ನೇ ಬೇಗ ಇಳಿಸುತ್ತದೆ. ಹಾಳೆ ಮೊದಲು ಹರಿಯುವುದು ಚೌಕಟ್ಟಿನ ಕಾದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ತಾಗಿದ ಜಾಗದಲ್ಲಿ, ಅಲ್ಲಿ ಬೆರಳಿಟ್ಟು ಒತ್ತಿದರೆ ಚೂರಾಗುತ್ತದೆ. ಅಷ್ಟು ಹೊತ್ತಿಗೆ ಪಾಲಿಮರಿನ, ಅಂದರೆ ಪ್ಲಾಸ್ಟಿಕ್ಕಿನ ಅಣುಗಳ, ಉದ್ದನೆಯ ಸರಪಳಿ ಒಳಗೇ ತುಂಡಾಗಿರುತ್ತದೆ, ಕರಗಿಸಿದರೂ ಮತ್ತೆ ಒಳ್ಳೆ ಹಾಳೆ ಎಳೆಯಲು ಬರುವುದಿಲ್ಲ. ಅಂದರೆ ಕಿರಣ ತಡೆಯುವ ಗುಣ ಎಷ್ಟು ದಿನ ಉಳಿಯುತ್ತದೋ ಅಷ್ಟು ದಿನ ಮಾತ್ರ ಆ ಪ್ಲಾಸ್ಟಿಕ್ಕಿಗೆ ಇನ್ನೊಂದು ಜನ್ಮ ಇದೆ. ಕಿರಣ ತಡೆಯುವುದು, ಮರುಬಳಕೆ ಇವೆರಡನ್ನು ಬೇರೆ ಬೇರೆ ವಿಷಯ ಅಂತ ನೋಡುವುದೇ ತಪ್ಪು.

ಕಿರಣ ತಡೆಯುವ ಹಾಳೆಯೇ ಬೇಡ ಅನ್ನಲು ಆಗುವುದಿಲ್ಲ. ಬಿಳಿ ನೊಣ, ಥ್ರಿಪ್ಸ್ ದಾರಿ ಗುರುತಿಸಿಕೊಳ್ಳುವುದೇ ಆ ಕಿರಣದಿಂದ, ಅದನ್ನು ತಡೆದರೆ ಕೀಟ ಕಮ್ಮಿ, ವೈರಸ್ ಕಮ್ಮಿ, ಔಷಧಿ ಹೊಡೆಯುವುದೂ ಕಮ್ಮಿ. ಜೇನುನೊಣಕ್ಕೂ ತೊಂದರೆಯಾಗುತ್ತದೆ, ಆದ್ದರಿಂದ ಎಲ್ಲ ಬೆಳೆಗೂ ಹೊಂದುವುದಿಲ್ಲ. ಬೆರೆಸುವ ರಾಸಾಯನಿಕಗಳಲ್ಲೂ ಎಲ್ಲವೂ ಒಳ್ಳೆಯದಲ್ಲ, ಯುವಿ-328 ಅನ್ನುವುದನ್ನು 2023ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ ಒಪ್ಪಂದ) ಪಟ್ಟಿಗೆ ಸೇರಿಸಿದ್ದಾರೆ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು 2018ರಲ್ಲಿ ಪಾಲಿಯೆಸ್ಟರ್ ಜಾತಿಯ ಒಂದು ಪ್ಲಾಸ್ಟಿಕ್ ಬಗ್ಗೆ ಪ್ರಕಟಿಸಿದರು. ಅದಕ್ಕೆ ಏನನ್ನೂ ಬೆರೆಸಬೇಕಿಲ್ಲ, ಪಾಲಿಮರೇ ನೇರಳಾತೀತ ಕಿರಣ ತಡೆಯುತ್ತದೆ. ಅದರ ಮೂಲ ವಸ್ತು ಫರ್ಫ್ಯೂರಲ್ ಅನ್ನುವ ರಾಸಾಯನಿಕ, ಅದನ್ನು ಮೆಕ್ಕೆಜೋಳದ ದಿಂಡಿನಿಂದ, ಕಬ್ಬಿನ ಸಿಪ್ಪೆಯಿಂದ ತೆಗೆಯಬಹುದು. ದಾವಣಗೆರೆ, ಮಂಡ್ಯದಲ್ಲಿ ಇವೆರಡಕ್ಕೆ ಬರವೇ? ಅದು ಪ್ಯಾಕಿಂಗಿಗೆ ಹೊಂದುವಂಥದ್ದು, ಪಾಲಿಹೌಸಿಗೆ ಹಾಗೇ ಹೊದಿಸಲು ಬರುವುದಿಲ್ಲ, ಸರಿ. ಆದರೆ ಯೋಚನೆಯ ದಿಕ್ಕು ಅದೇ ಆಗಬೇಕು: ಒಂದೇ ಜಾತಿಯ ಪಾಲಿಮರ್, ರಕ್ಷಣೆ ಅದರೊಳಗೇ ಗಟ್ಟಿಯಾಗಿ ಕೂತಿರುವಂಥದ್ದು. ನಮ್ಮಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ ಸಿಪೆಟ್ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಮೂವರೂ ಕೂತು ನಮ್ಮ ಬಿಸಿಲಿಗೆ, ನಮ್ಮ ಗಂಧಕಕ್ಕೆ ತಡೆಯುವ ಹಾಳೆ ಮಾಡಲಿ.

ಅಲ್ಲಿಯವರೆಗೂ ಸುಮ್ನೆ ಕೂರಬೇಕಿಲ್ಲ. ಬಳಸಿ ಬಿಟ್ಟ ಪ್ಲಾಸ್ಟಿಕ್ಕಿಗೆ ಕಂಪನಿಯೇ ಹೊಣೆ ಅನ್ನುವ ಉತ್ಪಾದಕರ ಹೊಣೆಯ ನಿಯಮ 2022ರಲ್ಲಿ ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಬಂತು, ಹೊಲದ ಹಾಳೆಯನ್ನೂ ಅದಕ್ಕೆ ಸೇರಿಸಿ. ಸಹಾಯಧನದ ಹಾಳೆ ಮಾರುವ ಕಂಪನಿ, ಅದು ಚೂರಾಗುವ ಮೊದಲೇ ಬಿಚ್ಚಿ ವಾಪಸ್ ಒಯ್ಯಬೇಕು ಅಂತ ಷರತ್ತು ಹಾಕಿ. ಹಾಳೆಯ ಅಂಚಿನಲ್ಲಿ ತಯಾರಿಸಿದ ತಿಂಗಳು, ವರ್ಷ ಅಚ್ಚಾಗಿರಲಿ, ತೂಕಕ್ಕೆ ರೈತರಿಗೆ ಇಷ್ಟು ಅಂತ ದರ ಕೊಡಲಿ. ತೋಟಗಾರಿಕೆ ಇಲಾಖೆ ಮುಂದಿನ ಅರ್ಜಿ ಕರೆಯುವಾಗಲೇ ಇದನ್ನು ಸೇರಿಸಬಹುದು.

– ಒಬ್ಬ ಪಾಲಿಹೌಸ್ ರೈತ, ಕೋಲಾರ ಜಿಲ್ಲೆ