ನಡುರಾತ್ರಿ ಸರಕು ಇಳಿಸುವ ಊರು

ದೀಪಾವಳಿ ಹತ್ತಿರ ಬಂತು. ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಗೊಜ್ಜು ನಮ್ಮ ಮನೆಗಳಿಂದ ಮಕ್ಕಳ ಹಾಸ್ಟೆಲುಗಳಿಗೆ ಹೊರಡುವ ಕಾಲ. ಮರುದಿನವೇ ತಲುಪಲೆಂದು ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ ವಿಮಾನದ ಮೇಲೆ ಕಳಿಸಿದ ಪೆಟ್ಟಿಗೆಗಳು ಅನೇಕ ಸಲ ಕೆಂಟಕಿಯ ಲೂಯಿವಿಲ್‌ನಲ್ಲಿ ಇಳಿದು ಹತ್ತಿಯೇ ಮುಂದೆ ಹೋಗುತ್ತವೆ.

ಇಳಿಸಿ ಹತ್ತಿಸುವುದು ಆ ಊರಿನ ಹುಟ್ಟುಕಸುಬು. ಅಲ್ಲಿ ಒಹಾಯೊ ನದಿ ಎರಡು ಮೈಲಿಯೊಳಗೆ ಬಂಡೆಗಳ ಮೇಲೆ ಸುಮಾರು 26 ಅಡಿ ಇಳಿಯುತ್ತಿತ್ತು. ನೀರು ತಗ್ಗಿದಾಗ ದೋಣಿ ದಾಟುತ್ತಿರಲಿಲ್ಲ. ಸರಕನ್ನು ದಡಕ್ಕೆ ಇಳಿಸಿ, ಗಾಡಿಯಲ್ಲಿ ಸಾಗಿಸಿ, ಕೆಳಗೆ ಬೇರೆ ದೋಣಿಗೆ ತುಂಬಬೇಕಿತ್ತು. ಹೊತ್ತವರಲ್ಲಿ ಕೂಲಿಯೇ ಕಾಣದ ಗುಲಾಮರೂ ಇದ್ದರು. 1830ರಲ್ಲಿ ಕಾಲುವೆ ತೆರೆದ ಮೇಲೆ ಆ ಕೆಲಸ ಇಳಿಮುಖವಾಯಿತು. 1982ರಲ್ಲಿ ಯುಪಿಎಸ್ ತನ್ನ ವಿಮಾನಗಳ ಕೂಡುನೆಲೆಯನ್ನು ಇಲ್ಲಿ ಮಾಡಿಕೊಂಡಿತು, 2002ರಲ್ಲಿ ವರ್ಲ್ಡ್‌ಪೋರ್ಟ್ ಎಂಬ ಪಾರ್ಸೆಲ್ ವಿಂಗಡಿಸುವ ದೊಡ್ಡ ಕೇಂದ್ರವನ್ನು ತೆರೆಯಿತು. ದೇಶದ ಬಹುಪಾಲು ಜನ ಇಲ್ಲಿಂದ ಎರಡು ಮೂರು ಗಂಟೆಯ ಹಾರಾಟದೊಳಗೆ ಇದ್ದಾರೆ, ಅದೇ ಕಾರಣ.

ರಾತ್ರಿ ಹನ್ನೊಂದರ ಸುಮಾರಿಗೆ ವಿಮಾನಗಳು ಸಾಲಾಗಿ ಇಳಿಯುತ್ತವೆ. ಕೆಲಸಗಾರರು 'ಕ್ಯಾನ್' ಎನ್ನುವ ದೊಡ್ಡ ಕಂಟೇನರ್‌ಗಳನ್ನು ನೆಲದಲ್ಲಿ ಹುದುಗಿಸಿದ ಉರುಳೆಗಳ ಮೇಲೆ ಕೈಯಿಂದಲೇ ತಳ್ಳಿ ಒಳಗೆ ತರುತ್ತಾರೆ. ಇಳಿಸುವವರು ಒಂದೊಂದೇ ಪೆಟ್ಟಿಗೆಯನ್ನು ಲೇಬಲ್ ಮೇಲೆ ಬರುವಂತೆ ಬೆಲ್ಟಿಗೆ ಇಡಬೇಕು. ಆಮೇಲೆ ಸ್ಕ್ಯಾನರ್ ಓದಿ ದಾರಿ ತೋರಿಸುತ್ತದೆ. ಕೊನೆಯಲ್ಲಿ ಮತ್ತೆ ಕೈಗಳೇ ಕ್ಯಾನ್ ತುಂಬುತ್ತವೆ. ನಸುಕಿಗೆ ವಿಮಾನಗಳು ಹೊರಟಿರಬೇಕು.

ಆ ಕೈಗಳಲ್ಲಿ ಎಷ್ಟೋ ವಿದ್ಯಾರ್ಥಿಗಳವು. ರಾತ್ರಿ ಪಾಳಿಗೆ ಜನ ಸಿಗದ ತೊಂದರೆಗೆ 1998ರಲ್ಲಿ ಮೆಟ್ರೊಪಾಲಿಟನ್ ಕಾಲೇಜ್ ಎಂಬ ಯೋಜನೆ ಶುರುವಾಯಿತು: ರಾತ್ರಿ ದುಡಿದರೆ ಸ್ಥಳೀಯ ಕಾಲೇಜಿನ ಶುಲ್ಕ ಮಾಫಿ. ಸಾಲವಿಲ್ಲದ ಪದವಿ ಸಣ್ಣ ಮಾತಲ್ಲ. ಆದರೆ ನಾಲ್ಕು ಗಂಟೆಗೆ ಕೆಲಸ ಬಿಟ್ಟವರು ಒಂಬತ್ತಕ್ಕೆ ಕ್ಲಾಸಿನಲ್ಲಿ ಕೂರುವುದು ಎಂಥ ಕಷ್ಟವೆಂದು, ಮಕ್ಕಳನ್ನು ಓದಿಸಿದ ನಮಗೆ ಗೊತ್ತಾಗಬೇಕು.

ಈಗ ನಮ್ಮ ಡಬ್ಬದ ವಿಷಯ. ಹಾರುವಾಗ ವಿಮಾನದೊಳಗಿನ ಒತ್ತಡ ತಗ್ಗುತ್ತದೆ, ಬಾಟಲಿಯೊಳಗಿನ ಗಾಳಿ ಹಿಗ್ಗುತ್ತದೆ, ಉಪ್ಪಿನಕಾಯಿಯ ಎಣ್ಣೆ ಮುಚ್ಚಳದ ಸಂದಿಯಿಂದ ಜಿನುಗುತ್ತದೆ. ಅದು ನಮ್ಮ ರಟ್ಟನ್ನಷ್ಟೇ ನೆನೆಸುವುದಿಲ್ಲ; ಪಕ್ಕದವರ ಪೆಟ್ಟಿಗೆಯನ್ನೂ ಬೆಲ್ಟನ್ನೂ ಕೆಡಿಸುತ್ತದೆ, ಒರೆಸುವ ಕೆಲಸ ಆ ಹುಡುಗರ ಪಾಲಿಗೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿದು, ಎರಡು ಜಿಪ್ ಚೀಲದೊಳಗೆ ಹಾಕಿ. ಸುತ್ತಲೂ, ತಳಕ್ಕೂ ಮೇಲಕ್ಕೂ, ಎರಡಿಂಚು ಮೆತ್ತೆ ಇರಲಿ. ಚಕ್ಕುಲಿ ಪುಡಿಯಾಗುವುದು ಡಬ್ಬದೊಳಗೆ ಖಾಲಿ ಜಾಗ ಉಳಿದಾಗ; ಪೇಪರ್ ತುರುಕಿ ಅಲುಗಾಡದಂತೆ ಮಾಡಿ. ಎರಡಿಂಚು ಅಗಲದ ಪ್ಯಾಕಿಂಗ್ ಟೇಪನ್ನು ನಡುಸಂದಿಗೂ ಎರಡು ಅಂಚುಗಳಿಗೂ ಅಂಟಿಸಿ. ಹುರಿ ಕಟ್ಟಬೇಡಿ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಳೆಯ ಪೆಟ್ಟಿಗೆಯಾದರೆ ಹಿಂದಿನ ಬಾರ್‌ಕೋಡನ್ನು ಕಿತ್ತು ತೆಗೆಯಿರಿ. ಎರಡು ಕಂಡರೆ ಸ್ಕ್ಯಾನರ್ ತಪ್ಪು ದಾರಿ ಹಿಡಿಸಬಹುದು. ಲೇಬಲ್ ಅಂಚಿನ ಮೇಲೆ ಮಡಚಿಕೊಂಡಿದ್ದರೂ ಓದಲಾಗದೆ ಪೆಟ್ಟಿಗೆ ಪಕ್ಕಕ್ಕೆ ಬೀಳುತ್ತದೆ, ಯಾರಾದರೂ ಕೈಯಲ್ಲಿ ಎತ್ತಿ ನೋಡಬೇಕಾಗುತ್ತದೆ. ವಿಳಾಸ, ಫೋನ್ ನಂಬರ್ ಬರೆದ ಚೀಟಿಯೊಂದನ್ನು ಒಳಗೂ ಹಾಕಿ. ಹೊರಗಿನ ಲೇಬಲ್ ಹರಿದರೂ ಡಬ್ಬ ಮನೆ ಸೇರಲು ದಾರಿ ಉಳಿದಿರುತ್ತದೆ.