ಅಜ್ಜಿ ಹಿಡಿದ ಎರಡನೇ ಸಾಲು

ಜನವರಿಯಲ್ಲಿ ಊರಿಗೆ ಹೋಗಿದ್ದೆ. ಸೋಮವಾರಪೇಟೆ ಹತ್ತಿರದ ನಮ್ಮ ಮನೆಯ ಕಣದಲ್ಲಿ ಕಾಫಿ ಒಣಗುತ್ತಿತ್ತು. ತಂಗಿಯ ಮಗಳು ಫೋನಿನಲ್ಲಿ ‘ಗೋರೆ ಗೋರೆ’ ಹಾಡು ಹಾಕಿದಳು. ಮೊದಲ ಸಾಲು ಮುಗಿಯಿತೋ ಇಲ್ಲವೋ, ಕಾಫಿ ಕೆದರುತ್ತಿದ್ದ ಅಜ್ಜಿ ಹಾಗೇ ನಿಂತು ‘ಗೋರಿ ಗೋರಿ’ ಅಂತ ಎರಡನೇ ಸಾಲು ಹಿಡಿದರು. ಅವರಿಗೀಗ 88 ವರ್ಷ. ಹಿಂದಿ ಬರುವುದಿಲ್ಲ. ಒಣಗಿದ ಕಾಫಿ ಕಾಲಡಿ ಗರಗರ ಅನ್ನುತ್ತಿತ್ತು, ಅದೂ ತಾಳಕ್ಕೆ ಸರಿಯಾಗಿ!

“ಅಜ್ಜಿ, ಇದು ನಿಮಗೆ ಹೇಗೆ ಗೊತ್ತು?”

“ನಮ್ಮಣ್ಣ ಮಿಲಿಟ್ರಿಯಿಂದ ರಜಕ್ಕೆ ಬಂದಾಗ ರೇಡಿಯೋ ತಂದಿದ್ದ ಮಗ. ಸಿಲೋನ್ ಸ್ಟೇಷನ್ ಹಾಕಿದ್ರೆ ಇದೇ.”

ಹಾಡು 1950ರ ‘ಸಮಾಧಿ’ ಚಿತ್ರದ್ದು. ನೇತಾಜಿಯ ಆಜಾದ್ ಹಿಂದ್ ಫೌಜಿನ ಕಾಲದ ಕಥೆ. ಸಂಗೀತ ಸಿ. ರಾಮಚಂದ್ರ. ಧಾಟಿ ಹಾಲಿವುಡ್‌ನಿಂದ ಬಂದದ್ದು. 1945ರ ಚಿತ್ರವೊಂದರಲ್ಲಿ ಬ್ರೆಜಿಲ್‌ನಲ್ಲಿ ಬೆಳೆದ ಕಾರ್ಮೆನ್ ಮಿರಾಂಡಾ ‘ಚಿಕೋ ಚಿಕೋ’ ಅಂತ ಹಾಡಿದ್ದರು. ಬ್ರೆಜಿಲ್ ಅಂದರೆ ಅದೂ ಕಾಫಿಯ ನಾಡೇ ಅಲ್ವಾ!

ಆದರೆ ನನಗೆ ಹೇಳಬೇಕಾಗಿರುವುದು ಎರಡನೇ ಸಾಲಿನ ಬಗ್ಗೆ. ಈ ಹಾಡು ಅಂದ ತಕ್ಷಣ ಎಲ್ಲರೂ ಲತಾ ಮಂಗೇಶ್ಕರ್ ಹೆಸರು ಹೇಳುತ್ತಾರೆ. ಲತಾ ಕರೆದಾಗ ಹುಡುಗನಾಗಿ ಉತ್ತರ ಕೊಡುವ ಆ ತುಂಬು ದನಿ ಯಾರದು? ನಮ್ಮ ಅಮೀರ್‌ಬಾಯಿ ಕರ್ನಾಟಕಿ ಅವರದು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. 1943ರಲ್ಲಿ ‘ಕಿಸ್ಮತ್’ ಹಾಡುಗಳಿಂದ ಮನೆಮಾತಾಗಿದ್ದವರು, ಲತಾ ಹೆಸರು ಮಾಡುವುದಕ್ಕೂ ಮೊದಲೇ. ಇಲ್ಲಿ ತಮಗಿಂತ ತುಂಬಾ ಚಿಕ್ಕವಳ ಜೊತೆ ಎಷ್ಟು ಖುಷಿಯಾಗಿ ಹಾಡಿದ್ದಾರೆ ಕೇಳಿ. ತಾಳ ಕುಣಿಸುತ್ತದೆ, ನಿಜ. ಆದರೆ ಈ ಹಾಡು ಇಷ್ಟು ವರ್ಷ ಉಳಿದಿರುವುದು ಆ ಉತ್ತರದಿಂದ ಅಂತ ನನಗೆ ಅನಿಸುತ್ತದೆ. ಒಬ್ಬರು ಕರೆದರೆ ಇನ್ನೊಬ್ಬರು ಸುಮ್ನೆ ಕೂರಲಾಗುವುದಿಲ್ಲ. ಅಜ್ಜಿಗೂ ಆಗಲಿಲ್ಲ.

ಅದೇ ವಾರ ವಿರಾಜಪೇಟೆಯಲ್ಲೊಂದು ಮದುವೆ. ವಾಲಗದ ಕುಣಿತ ಮುಗಿದ ಮೇಲೆ ಹುಡುಗರು ಇದೇ ಹಾಡು ಹಾಕಿಸಿದರು. ಹೆಂಗಸರೆಲ್ಲ ಎರಡು ಸಾಲಾಗಿ ಎದುರುಬದುರು ನಿಂತರು, ಯಾರೂ ಹೇಳಿಕೊಡಲಿಲ್ಲ.

ನಮ್ಮ ಸಂಘದ ಯುಗಾದಿ ಕಾರ್ಯಕ್ರಮಕ್ಕೂ ಈ ಹಾಡನ್ನು ಇಟ್ಟುಕೊಂಡಿದ್ದೇವೆ. ಲತಾ ಅವರ ಸಾಲಿಗೆ ಆಗಲೇ ನಾಲ್ಕು ಹೆಸರು ಬಂದಿವೆ. ಅಮೀರ್‌ಬಾಯಿ ಅವರ ಸಾಲಿಗೆ ಇನ್ನೂ ಯಾರೂ ಬಂದಿಲ್ಲ. ತುಂಬು ದನಿಯವರು ದಯವಿಟ್ಟು ಈ ತಿಂಗಳೊಳಗೆ ಹೆಸರು ಕೊಡಿ.